ವೀಸಾ ಸಿಕ್ಕ ಮೇಲೆ ಐ-94 ನೋಡಿಕೊಳ್ಳಿ

ಸಂಪಾದಕರೇ,

ಅಮೆರಿಕದಲ್ಲಿ ಕೆಲಸ ಮಾಡುವುದಕ್ಕೆ ಕೊಡುವ ಎಚ್‌-1ಬಿ ವೀಸಾದ ಲಾಟರಿ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ವರ್ಷಕ್ಕೆ 65,000, ಅಮೆರಿಕದಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಇನ್ನೂ 20,000. ಲೆಕ್ಕ ಎಲ್ಲ ಸರಿಯಾಗಿಯೇ ಇತ್ತು. ಆದರೆ ವರದಿ ಅಲ್ಲಿಗೇ ಮುಗಿದುಹೋಯಿತು. ಸಿಕ್ಕಿದ್ದನ್ನು ಉಳಿಸಿಕೊಳ್ಳುವುದು ಹೇಗೆ ಅಂತ ಹೊಸದಾಗಿ ಬರುವವರಿಗೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಪಾಸ್‌ಪೋರ್ಟ್‌ನಲ್ಲಿ ಅಂಟಿಸಿದ ವೀಸಾ ಇರುವುದು ದೇಶದೊಳಗೆ ಬರುವುದಕ್ಕೆ. ಬಂದ ಮೇಲೆ ಯಾವ ದಿನದವರೆಗೆ ಇರಬಹುದು ಅಂತ ಹೇಳುವುದು ಐ-94 ಅನ್ನುವ ದಾಖಲೆ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಅದನ್ನು ಕಂಪ್ಯೂಟರ್‌ಗೆ ಹಾಕುತ್ತಾರೆ. ವಿಮಾನದಲ್ಲಿ ಬಂದವರ ಕೈಗೆ ಚೀಟಿ ಕೊಡುವುದು 2013ರಲ್ಲೇ ನಿಂತಿತು. ನಾವೇ ಅಮೆರಿಕ ಸರ್ಕಾರದ ಐ-94 ವೆಬ್‌ಸೈಟ್‌ಗೆ ಹೋಗಿ ತೆಗೆದು ನೋಡಬೇಕು. ಎಷ್ಟೋ ಜನ ನೋಡುವುದೇ ಇಲ್ಲ.

ನಾನೂ ನೋಡಿರಲಿಲ್ಲ. ರಜೆ ಮುಗಿಸಿ ವಾಪಸ್ ಬಂದಾಗ ನನ್ನ ಎಚ್‌-1ಬಿ ಇನ್ನೂ ಎರಡು ವರ್ಷ ಚಾಲ್ತಿಯಲ್ಲಿತ್ತು. ಪಾಸ್‌ಪೋರ್ಟ್‌ಗೆ ಮಾತ್ರ ಹದಿನಾಲ್ಕೇ ತಿಂಗಳು ಉಳಿದಿತ್ತು. ಅಧಿಕಾರಿ ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ಐ-94 ಕೊಟ್ಟರು. ನಾಲ್ಕು ತಿಂಗಳಾದ ಮೇಲೆ ಹೊಸ ಪಾಸ್‌ಪೋರ್ಟ್ ಮಾಡಿಸಿದೆ, ಎಲ್ಲ ಸರಿಹೋಯಿತು ಅಂದುಕೊಂಡೆ. ಪಾಸ್‌ಪೋರ್ಟ್ ಹೊಸದಾದರೂ ಐ-94 ಹಳೇ ತಾರೀಕಲ್ಲೇ ಇರುತ್ತದೆ ಅನ್ನುವುದು ಗೊತ್ತಾಗಿದ್ದು ಡ್ರೈವಿಂಗ್ ಲೈಸೆನ್ಸ್ ನವೀಕರಣಕ್ಕೆ ಹೋದಾಗ. ಕೌಂಟರ್‌ನಲ್ಲಿದ್ದ ಹೆಂಗಸು ಸ್ಕ್ರೀನ್ ನೋಡಿ, ಇನ್ನೊಮ್ಮೆ ನೋಡಿ, ನಿಮಗೆ ಇರುವುದು ಇನ್ನು 23 ದಿನ ಅಂದರು. ಹಿಂದೆ ಸಾಲಿನಲ್ಲಿ ನನ್ನ ಹೆಂಡತಿ ಮಗು ಎತ್ತಿಕೊಂಡು ನಿಂತಿದ್ದಳು. ಅವಳಿಗೆ ಏನು ಹೇಳುವುದು ಅಂತಲೇ ತೋಚಲಿಲ್ಲ.

ಹಳೇ ಪಾಸ್‌ಪೋರ್ಟ್‌ನಲ್ಲಿದ್ದ ವೀಸಾ ಇನ್ನೂ ಚಾಲ್ತಿಯಲ್ಲಿತ್ತು. ಎರಡೂ ಪಾಸ್‌ಪೋರ್ಟ್ ಹಿಡಿದು ಊರಿಗೆ ಹೋಗಿ ಬಂದೆ, ಪೂರ್ತಿ ಅವಧಿಯ ಐ-94 ಸಿಕ್ಕಿತು. ಟಿಕೆಟ್ ದುಡ್ಡು ಹೋಯಿತು, ಉಳಿದದ್ದು ಉಳಿಯಿತು. ನೋಡದೇ ಬಿಟ್ಟಿದ್ದರೆ? ಆ ತಾರೀಕು ದಾಟಿದರೆ ವೀಸಾನೇ ರದ್ದು. 180 ದಿನಕ್ಕಿಂತ ಜಾಸ್ತಿ ಉಳಿದು ದೇಶ ಬಿಟ್ಟರೆ 3 ವರ್ಷ ವಾಪಸ್ ಬರುವಂತಿಲ್ಲ. ಒಂದು ವರ್ಷ ದಾಟಿದ್ದರೆ 10 ವರ್ಷ.

ಕಂಪನಿಯ ವಕೀಲರು ನೋಡಿಕೊಳ್ಳುತ್ತಾರೆ ಅಂತ ಸುಮ್ನೆ ಇರುವವರೇ ಜಾಸ್ತಿ. ನಾವು ಯಾವತ್ತು ಹೋಗಿ ಬಂದೆವು, ನಿಲ್ದಾಣದಲ್ಲಿ ಯಾವ ತಾರೀಕು ಹಾಕಿದರು ಅನ್ನುವುದು ನಾವು ಹೇಳದೆ ಅವರಿಗೆ ಹೇಗೆ ಗೊತ್ತಾಗಬೇಕು ಅಲ್ವಾ? ನಮ್ಮ ಅವಧಿ ವಿಸ್ತರಣೆ ಆದರೆ ಹೆಂಡತಿ ಮಕ್ಕಳಿಗೆ ನಮ್ಮ ಜೊತೆ ಇರುವುದಕ್ಕೆ ಕೊಡುವ ಎಚ್‌-4 ತಾನಾಗಿ ವಿಸ್ತರಣೆ ಆಗುವುದಿಲ್ಲ. ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕು. ಮನೆಯವರೆಲ್ಲರ ತಾರೀಕನ್ನೂ ಒಬ್ಬೊಬ್ಬರದಾಗಿ ತೆಗೆದು ನೋಡಿ, ದಯವಿಟ್ಟು.

ಕೆಲಸ ಹೋದರೆ ಇರುವುದು ಹೆಚ್ಚೆಂದರೆ 60 ದಿನ, ಕೆಲಸದ ಕೊನೆಯ ದಿನದಿಂದ ಲೆಕ್ಕ. ಐ-94 ಅದಕ್ಕೂ ಮೊದಲೇ ಮುಗಿದರೆ ಅಲ್ಲಿಗೇ ಮುಗಿಯಿತು. ಅಷ್ಟರೊಳಗೆ ಇನ್ನೊಂದು ಕಂಪನಿ ನಿಮ್ಮ ಹೆಸರಲ್ಲಿ ಅರ್ಜಿ ಹಾಕಿದರೆ, ಮಂಜೂರಾತಿಗೆ ಕಾಯದೆ ಕೆಲಸ ಶುರು ಮಾಡಬಹುದು. ಎಷ್ಟೋ ಜನ ಇದು ಗೊತ್ತಿಲ್ಲದೆ ಹೆದರಿ ಗಂಟುಮೂಟೆ ಕಟ್ಟುತ್ತಾರೆ.

ಇನ್ನೊಂದು ಮಾತು, ಇದನ್ನು ಹೇಳುವಾಗ ನನಗೆ ಸಿಟ್ಟೇ ಬರುತ್ತದೆ. ಪ್ರಾಜೆಕ್ಟ್ ಇಲ್ಲ, ಬೆಂಚ್‌ನಲ್ಲಿದ್ದೀಯ, ಸಂಬಳ ಇಲ್ಲ ಅನ್ನುವ ಸಣ್ಣಪುಟ್ಟ ಕಂಪನಿಗಳಿವೆ. ಕಾನೂನಿನ ಪ್ರಕಾರ ಎಚ್‌-1ಬಿ ನೌಕರ ಪ್ರಾಜೆಕ್ಟ್ ಸಿಗದೆ ಬೆಂಚ್‌ನಲ್ಲಿದ್ದರೂ ಸಂಬಳ ಕೊಡಲೇಬೇಕು. ಹುಡುಗರು ನಾಚಿಕೊಂಡು ಯಾರಿಗೂ ಹೇಳುವುದಿಲ್ಲ. ಮುಂದೆ ವಿಸ್ತರಣೆಗೆ ಹೋದಾಗ ಪೇಸ್ಲಿಪ್ ಎಲ್ಲಿ ಅಂತ ಕೇಳುವುದು ಆ ಹುಡುಗರನ್ನೇ.

ಮಾರ್ಚ್‌ನಲ್ಲಿ ಮತ್ತೆ ಲಾಟರಿ ಸುದ್ದಿ ಬರುತ್ತದೆ. ಆಗ ಅದರ ಪಕ್ಕದಲ್ಲೇ ಐ-94 ಬಗ್ಗೆ ನಾಲ್ಕು ಸಾಲು ಹಾಕಿ ಅಂತ ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಈಗಾಗಲೇ ಇಲ್ಲಿರುವ ಮಗನಿಗೋ ಮಗಳಿಗೋ ಇವತ್ತು ರಾತ್ರಿ ಫೋನ್ ಮಾಡುವ ಅಪ್ಪ ಅಮ್ಮಂದಿರು ಊಟ ಆಯ್ತಾ ಅಂತ ಕೇಳಿದ ಮೇಲೆ ಐ-94 ತಾರೀಕು ಯಾವುದು ಅಂತಲೂ ಕೇಳಲಿ.

ಇಂತಿ,
ನಿಮ್ಮ ಓದುಗ
ಟೆಕ್ಸಾಸ್, ಅಮೆರಿಕ