ಗೀಸರ್ ರಿಪೇರಿ ಮಾಡಿದ ಅಣ್ಣನಿಗೆ

ಮನೆಯಲ್ಲಿ ಬಾಣಂತಿ ಮಗಳು. ಗೀಸರ್ ಸ್ವಿಚ್ ಹಾಕಿದರೆ ಸಾಕು, ಇಡೀ ಮನೆ ಕರೆಂಟ್ ಟ್ರಿಪ್. ಫೋನ್ ಮಾಡಿದವರೆಲ್ಲ "ಸೋಮವಾರ ನೋಡೋಣ" ಅಂದರು. ಕುವೆಂಪುನಗರದ ಹಾರ್ಡ್‌ವೇರ್ ಅಂಗಡಿಯಲ್ಲಿ ನನ್ನ ಗೋಳು ಕೇಳಿಸಿಕೊಂಡ ನೀವು, "ನಡೀರಿ ಸಾರ್, ನೋಡೇಬಿಡೋಣ" ಅಂತ ಬೈಕ್ ಹತ್ತಿದಿರಿ.

ಮಗು ಮಲಗಿದೆ ಅಂದಿದ್ದಕ್ಕೆ ಬಚ್ಚಲ ಬಾಗಿಲನ್ನು ಮೆಲ್ಲಗೆ ಹಾಕಿಕೊಂಡಿರಿ. ಸ್ಪ್ಯಾನರ್ ಸದ್ದಾಗಬಾರದು ಅಂತ ಕೆಳಗೆ ಹಳೇ ಟವೆಲ್ ಹಾಸಿದಿರಿ. ಮೇನ್ ಆಫ್ ಮಾಡಿ, ವೈರ್ ಬಿಚ್ಚಿ, ನೀರು ಕಾಯಿಸೋ ಎಲಿಮೆಂಟಿನ ಎರಡೂ ತುದಿಗೆ ಮೀಟರ್ ಇಟ್ಟರೆ ಸುಮಾರು 26 ಓಮ್. "2000 ವ್ಯಾಟಿಗೆ ಇದು ಸರೀನೇ." ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಟ್ಯಾಂಕಿನ ಮೈಗೆ ಮುಟ್ಟಿಸಿದಿರಿ. ಅಲ್ಲೂ ಮೀಟರ್ ಓಡಿತು! "ಕರೆಂಟ್ ಅರ್ಥಿಂಗ್‌ಗೆ ಸೋರ್ತಿದೆ, ಅದಕ್ಕೇ ಟ್ರಿಪ್ ಆಗೋದು."

ಹೊರಗೆ ಬಂದ ಎಲಿಮೆಂಟ್ ಪೂರ್ತಿ ಬಿಳಿ ಗಾರೆ. ಬೋರ್ ನೀರಲ್ವಾ. ಮೆಗ್ನೀಸಿಯಂ ರಾಡ್ ಸವೆದು ತಂತಿಯಷ್ಟೇ ಉಳಿದಿತ್ತು. ಅದನ್ನೂ ಬದಲಿಸಿದಿರಿ, ಇಲ್ಲದಿದ್ದರೆ ಟ್ಯಾಂಕೇ ತುಕ್ಕು ಹಿಡಿಯುತ್ತಂತೆ. ಟ್ಯಾಂಕ್ ತುಂಬಿ ನಲ್ಲಿಯಲ್ಲಿ ನೀರು ಬರುವವರೆಗೂ ಸ್ವಿಚ್ ಮುಟ್ಟಲು ಬಿಡಲಿಲ್ಲ.

ಸಾಮಾನಿನ ಬಿಲ್ಲು, ಹಳೇ ಎಲಿಮೆಂಟು ಎರಡನ್ನೂ ಕೈಗಿಟ್ಟು, ಕೂಲಿ ಮಾತ್ರ ತಗೊಂಡು ಹೊರಟಿರಿ. ಮಗಳ ಸ್ನಾನದ ಗಡಿಬಿಡಿಯಲ್ಲಿ ಹೆಸರು ಕೇಳೋದು ಉಳಿದೇಹೋಯ್ತು. ತುಂಬಾ ಥ್ಯಾಂಕ್ಸ್ ಅಣ್ಣ. ಈ ಕಡೆ ಬಂದರೆ ಕಾಫಿ ಕುಡಿದೇ ಹೋಗಬೇಕು.