ದೋಣಿಯ ಸ್ವಿಚ್ ಬಾಕ್ಸಿನೊಳಗೆ ಉಪ್ಪುನೀರು: ಉತ್ಪಾದಕ ಸಂಸ್ಥೆಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು
(ತಾಂತ್ರಿಕ ವಿಭಾಗದವರೂ ಓದಲೇಬೇಕು)

ವಿಷಯ: ‘ಐಪಿ67, ಸಮುದ್ರ ಬಳಕೆಗೆ ಸೂಕ್ತ’ ಎಂದು ನೀವು ಮಾರಿದ ಆರು ಸ್ವಿಚ್ಚಿನ ಬಾಕ್ಸಿನೊಳಗೆ ನೀರು ಸೇರಿರುವ ಬಗ್ಗೆ (ಐಪಿ67: ಧೂಳು, ನೀರು ತಡೆಯುವ ಒಂದು ದರ್ಜೆ)

ಮಾನ್ಯರೇ,

ಫೋನಿನಲ್ಲಿ ಹೇಳಿದ್ದಾಯಿತು, ಇಮೇಲ್ ಬರೆದದ್ದಾಯಿತು, ನೀವು ಕೇಳಿದ ಕೋನದಿಂದೆಲ್ಲ ಫೋಟೊ ತೆಗೆದು ಕಳಿಸಿದ್ದೂ ಆಯಿತು. ‘ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ’ ಎಂಬ ಒಂದು ಸಾಲಿನ ಸಂದೇಶ ನಿನ್ನೆ ಬಂದಿದೆ. ಏನನ್ನು ಮುಕ್ತಾಯಗೊಳಿಸಿದಿರಿ? ನೀರು ಇನ್ನೂ ಬಾಕ್ಸಿನೊಳಗೇ ಇದೆ. ಆದ್ದರಿಂದ ಈ ಪತ್ರ.

ಬಾಕ್ಸನ್ನು ಬಿಚ್ಚಿದಾಗ ಕಂಡದ್ದನ್ನು ಮೊದಲು ಹೇಳುತ್ತೇನೆ. ತಳದಲ್ಲಿ ಬೆರಳು ಅದ್ದುವಷ್ಟು ಉಪ್ಪುನೀರು. ದೋಣಿಯ ತಳಕ್ಕೆ ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ಸ್ವಿಚ್ಚಿನಲ್ಲಿ ಬ್ಯಾಟರಿಯ ಪಾಸಿಟಿವ್ ಬಂದು ಸೇರುವ ಟರ್ಮಿನಲ್ ಅರ್ಧಕ್ಕರ್ಧ ಸವೆದುಹೋಗಿ, ಉಳಿದದ್ದರ ಮೇಲೆ ಹಸಿರು ಕಿಲುಬು. ಅದರ ಪಕ್ಕದಲ್ಲೇ ಇರುವ, ಪಂಪಿಗೆ ಹೋಗುವ ಟರ್ಮಿನಲ್ ಹೆಚ್ಚುಕಡಿಮೆ ಚೆನ್ನಾಗಿಯೇ ಇದೆ. ಈ ವ್ಯತ್ಯಾಸ ಆಕಸ್ಮಿಕವಲ್ಲ. ಸ್ವಿಚ್ ಆಫ್ ಇದ್ದರೂ ಒಳಬರುವ ಟರ್ಮಿನಲ್ಲಿಗೆ ಬ್ಯಾಟರಿಯ 12 ವೋಲ್ಟ್ ಸದಾ ಇರುತ್ತದೆ. ಅದಕ್ಕೂ ನೆಗೆಟಿವ್ ಪಟ್ಟಿಗೂ ನಡುವೆ ಉಪ್ಪುನೀರಿನ ಪದರ ಕೂತರೆ ಸಣ್ಣ ಕರೆಂಟು ಹಗಲೂ ರಾತ್ರಿ ಸೋರುತ್ತದೆ. ಪಾಸಿಟಿವ್ ಕಡೆಯ ಲೋಹ ನೀರಿನಲ್ಲಿ ಕರಗುತ್ತಾ ಹೋಗುತ್ತದೆ. ಇದು ಬರೀ ತುಕ್ಕಲ್ಲ, ವಿದ್ಯುತ್ತೇ ಲೋಹವನ್ನು ತಿನ್ನುವ ಕ್ರಿಯೆ. ತುಕ್ಕಿಗಿಂತ ಎಷ್ಟೋ ವೇಗದ್ದು. ದೋಣಿಯ ತಳದಲ್ಲಿ ನೀರು ಏರುತ್ತಿರುವಾಗ ಒತ್ತಿದ ಸ್ವಿಚ್ಚಿಗೆ ಪಂಪ್ ಓಡದೇ ಹೋಗಲು ಇದೇ ಕಾರಣ. ನಿಮ್ಮ ದಾಖಲೆಯಲ್ಲಿ ಈ ದೂರನ್ನು ‘ಸಣ್ಣ ಸೌಂದರ್ಯ ದೋಷ’ ಎಂಬ ವರ್ಗಕ್ಕೆ ಸೇರಿಸಿದ್ದೀರಿ. ಬಿಲ್ಜ್ ಪಂಪ್ ಓಡದಿರುವುದು ಯಾವ ಸೌಂದರ್ಯಕ್ಕೆ ಸಂಬಂಧಿಸಿದ್ದು ಎಂದು ಬರವಣಿಗೆಯಲ್ಲಿ ತಿಳಿಸಿ.

ನೀರು ಬಂದ ದಾರಿಗಳು ಬಾಕ್ಸಿನಲ್ಲೇ ಬರೆದಂತಿವೆ. ಮುಚ್ಚಳದ ಸಂದಿನಲ್ಲಿ ನೀರು ತಡೆಯಬೇಕಾದ ಗ್ಯಾಸ್ಕೆಟ್ ಒಂದೇ ತುಂಡಲ್ಲ. ಫೋಮ್ ಪಟ್ಟಿಯನ್ನು ಕತ್ತರಿಸಿ ಅಂಟಿಸಿ, ತುದಿಗಳನ್ನು ಒಂದು ಮೂಲೆಯಲ್ಲಿ ತಂದು ಸೇರಿಸಿದ್ದೀರಿ. ಆ ಸೇರುಗಡೆಯೇ ನೀರಿಗೆ ಬಾಗಿಲು. ಸಾಲದ್ದಕ್ಕೆ ಫೋಮ್ ಒತ್ತಿದ ಹಾಗೇ ಉಳಿದುಬಿಟ್ಟಿದೆ, ಮುಚ್ಚಳ ತೆಗೆದರೂ ಮತ್ತೆ ಉಬ್ಬುವುದಿಲ್ಲ. ಎರಕ ಹೊಯ್ದ ಪಾಲಿಯುರೆಥೇನ್ ಅಥವಾ ಸಿಲಿಕೋನ್ ಗ್ಯಾಸ್ಕೆಟ್ ಆಗಿದ್ದರೆ ಸುತ್ತಲೂ ಸೇರುಗಡೆಯೇ ಇರುತ್ತಿರಲಿಲ್ಲ. ಮುಚ್ಚಳದ ನಾಲ್ಕು ಸ್ಕ್ರೂಗಳಿಗೆ ಸತುವಿನ ಲೇಪನವಷ್ಟೇ ಇದೆ. ಲೇಪನ ಹೋದಲ್ಲಿ ಕಂದು ಕಲೆ ಇಳಿದಿದೆ. ಸಮುದ್ರಕ್ಕೆಂದು ಮಾರುವ ಬಾಕ್ಸಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕಬೇಕು. 304 ಕೂಡ ಸಾಲದು: 316ರಲ್ಲಿರುವ ಶೇ 2ರಿಂದ 3ರಷ್ಟು ಮಾಲಿಬ್ಡಿನಮ್ಮೇ ಉಪ್ಪಿನ ಕ್ಲೋರೈಡಿನಿಂದ ಲೋಹದಲ್ಲಿ ಗುಳಿ ಬೀಳುವುದನ್ನು ತಡೆಹಿಡಿಯುವುದು. ಇದು ನಿಮ್ಮ ತಾಂತ್ರಿಕ ವಿಭಾಗಕ್ಕೆ ಗೊತ್ತಿಲ್ಲದ ಸಂಗತಿಯಲ್ಲ.

ವೈರು ಒಳಹೋಗುವ ತೂತನ್ನು ವೈರಿನ ಸುತ್ತ ಬಿಗಿದು ಮುಚ್ಚುವ ಗ್ಲ್ಯಾಂಡಿನ ಕಥೆ ಇನ್ನೂ ಕೆಟ್ಟದ್ದು. ಕಾರ್ಖಾನೆಯಿಂದಲೇ ಬಾಕ್ಸಿನ ಮೇಲ್ಬದಿಗೆ ಎಂ20 ಅಳತೆಯ ಒಂದೇ ಒಂದು ಗ್ಲ್ಯಾಂಡ್ ಹಾಕಿ ಕಳಿಸಿದ್ದೀರಿ. ‘ಎಲ್ಲ ವೈರುಗಳನ್ನೂ ಇದರ ಮೂಲಕ ತನ್ನಿ’ ಎಂದು ಕೈಪಿಡಿಯಲ್ಲಿ ಚಿತ್ರ ಸಮೇತ ಹೇಳಿದ್ದೀರಿ. ಗ್ಲ್ಯಾಂಡಿನ ರಬ್ಬರು ಹಿಡಿಯುವುದು ಒಂದೇ ದುಂಡು ಕೇಬಲ್ಲನ್ನು. ಎಂಟು ಬಿಡಿ ವೈರುಗಳನ್ನು ಕಟ್ಟಾಗಿ ತೂರಿಸಿದರೆ ವೈರು ವೈರಿನ ನಡುವೆ ಸಂದು ಉಳಿದೇ ಉಳಿಯುತ್ತದೆ. ಎಷ್ಟು ಬಿಗಿದರೂ ಅದು ಮುಚ್ಚುವುದಿಲ್ಲ, ವೈರಿನ ಹೊದಿಕೆ ಜಜ್ಜಿಹೋಗುತ್ತದೆ ಅಷ್ಟೆ. ಬಿಡಿ ವೈರುಗಳನ್ನೇ ತರಬೇಕೆಂದಿದ್ದರೆ ಹಲವು ತೂತಿನ ರಬ್ಬರು ಒಳಸೇರಿಸಿದ ಗ್ಲ್ಯಾಂಡ್ ಕೊಡಬೇಕಿತ್ತು. ಇಲ್ಲವೇ ಪ್ರತಿ ಕೇಬಲ್ಲಿಗೊಂದು ಸಣ್ಣ ಗ್ಲ್ಯಾಂಡ್, ಬಳಸದ ತೂತಿಗೆ ಬಿರಡೆ. ಅದೂ ಮೇಲ್ಬದಿಯಲ್ಲಲ್ಲ, ತಳದಲ್ಲಿ. ಕೇಬಲ್ ಒಳಗೆ ಹೋಗುವ ಮುನ್ನ ಒಮ್ಮೆ ಕೆಳಕ್ಕೆ ಬಾಗಿ ಮತ್ತೆ ಮೇಲೇರಬೇಕು. ಆಗ ವೈರಿನ ಗುಂಟ ಹರಿದುಬಂದ ನೀರು ಬಾಗಿನ ತುದಿಯಲ್ಲೇ ತೊಟ್ಟಿಕ್ಕುತ್ತದೆ. ನಿಮ್ಮ ಚಿತ್ರದಂತೆ ಮಾಡಿದರೆ ವೈರೇ ನೀರಿಗೆ ಕಾಲುವೆ.

ಇನ್ನು ಐಪಿ67. ಆ ಎರಡು ಅಂಕಿಗಳ ಹಿಂದಿರುವುದು ಐಇಸಿ 60529 ಎಂಬ ಮಾನದಂಡ. ಮೊದಲ 6 ಎಂದರೆ ಧೂಳು ಒಳಹೋಗದು. ಎರಡನೆಯ 7 ಎಂದರೆ ಬಾಕ್ಸನ್ನು 1 ಮೀಟರ್ ಆಳದ ನಿಂತ ಸಿಹಿನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟರೆ ಹಾನಿಯಾಗುವಷ್ಟು ನೀರು ಸೇರದು. ಅಷ್ಟೇ. ಅದರಲ್ಲಿ ಉಪ್ಪಿಲ್ಲ, ಬಿಸಿಲಿಲ್ಲ, ವರ್ಷಗಟ್ಟಲೆ ಕಂಪನವಿಲ್ಲ. ಅಲೆ ಅಪ್ಪಳಿಸುವುದು ನಿಂತ ನೀರಿಗಿಂತ ಬೇರೆಯೇ ಪರೀಕ್ಷೆ: ಐಪಿ66ಕ್ಕೆ 12.5 ಮಿಲಿಮೀಟರ್ ಬಾಯಿಯ ನಳಿಕೆಯಿಂದ ನಿಮಿಷಕ್ಕೆ 100 ಲೀಟರ್ ನೀರನ್ನು ಎಲ್ಲ ದಿಕ್ಕಿನಿಂದ ರಭಸವಾಗಿ ಹೊಡೆಯುತ್ತಾರೆ. ಮುಳುಗುವ ಪರೀಕ್ಷೆ ಗೆದ್ದ ಬಾಕ್ಸ್ ಈ ಪರೀಕ್ಷೆಯನ್ನೂ ಗೆದ್ದಿದೆ ಎಂದು ಆ ಮಾನದಂಡ ಒಪ್ಪುವುದಿಲ್ಲ. ಎರಡನ್ನೂ ಗೆದ್ದಿದ್ದರೆ ‘ಐಪಿ66/ಐಪಿ67’ ಎಂದು ಎರಡನ್ನೂ ಬರೆಯಬೇಕು. ನಿಮ್ಮ ಬಾಕ್ಸಿನ ಮೇಲಿರುವುದು ಬರೀ 67. ತೆರೆದ ಡೆಕ್ಕಿನ ಸ್ವಿಚ್ಚಿಗೆ ಮೊದಲು ಬೇಕಾದದ್ದು 66.

ಅದೂ ಹೋಗಲಿ, ಆ 67 ಯಾವುದರದ್ದು? ತೂತಿಲ್ಲದ ಖಾಲಿ ಬಾಕ್ಸಿನದೋ, ಆರು ಸ್ವಿಚ್ಚು ಮತ್ತು ಗ್ಲ್ಯಾಂಡ್ ಕೂತ ಬಾಕ್ಸಿನದೋ? ಅತ್ತಿತ್ತ ವಾಲುವ ಇಂಥ ರಾಕರ್ ಸ್ವಿಚ್ಚಿಗೆ ಸುಮಾರು 37 ಮಿಲಿಮೀಟರಿಗೆ 21 ಮಿಲಿಮೀಟರಿನ ಆಯತಾಕಾರದ ತೂತು ಬೇಕು. ಹಾಗೆ ಆರು ತೂತು ಕೊರೆದ ಮೇಲೆ ಮುಚ್ಚಳ ಮೊದಲಿನ ಮುಚ್ಚಳವಲ್ಲ. ಸ್ವಿಚ್ಚಿನ ಮೇಲೆ ಬರೆದ ಐಪಿ ದರ್ಜೆ ಸಾಮಾನ್ಯವಾಗಿ ಮುಂಭಾಗಕ್ಕೆ ಮಾತ್ರ. ಹಿಂದಿನ ಟರ್ಮಿನಲ್ಲುಗಳು ಬೋಳಾಗಿಯೇ ಇರುತ್ತವೆ. ಜೋಡಣೆಯ ದರ್ಜೆ ಅದರೊಳಗಿನ ಅತಿ ದುರ್ಬಲ ಭಾಗದ ದರ್ಜೆ. ಪೂರ್ತಿ ಜೋಡಿಸಿದ ಬಾಕ್ಸಿನ ಪರೀಕ್ಷಾ ವರದಿ ಕೊಡಿ ಎಂದು ಪ್ರತಿ ಕರೆಯಲ್ಲೂ ಕೇಳಿದ್ದೇನೆ, ಇಂದಿಗೂ ಬಂದಿಲ್ಲ.

ಒಂದು ಲೆಕ್ಕವನ್ನು ನಿಮ್ಮ ಎಂಜಿನಿಯರುಗಳ ಮುಂದಿಡುತ್ತೇನೆ. ಕಪ್ಪು ಬಣ್ಣದ ಬಾಕ್ಸ್ ಬಿಸಿಲಿನಲ್ಲಿ ಕಾದು ಒಳಗಿನ ಗಾಳಿ 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಎಂದುಕೊಳ್ಳಿ. ಆ ಹೊತ್ತಿಗೆ ಹಿಗ್ಗಿದ ಗಾಳಿ ಸಂದುಗಳಿಂದ ಹೊರಹೋಗಿ ಒಳಗೂ ಹೊರಗೂ ಒತ್ತಡ ಸಮವಾಗಿರುತ್ತದೆ. ಆಗ ಒಂದು ಅಲೆ ಬಂದು ಬಾಕ್ಸ್ ತಣ್ಣಗಾಗಿ ಒಳಗಿನ ಗಾಳಿ 25 ಡಿಗ್ರಿಗೆ ಇಳಿಯಿತು. ಒತ್ತಡದ ಲೆಕ್ಕಕ್ಕೆ ಬೇಕಾದ ಕೆಲ್ವಿನ್ ಅಳತೆಯಲ್ಲಿ ಅದು 333ರಿಂದ 298ಕ್ಕೆ, ಅಂದರೆ ಒಳಗಿನ ಒತ್ತಡ ಶೇ 10ಕ್ಕಿಂತ ತುಸು ಹೆಚ್ಚೇ ಕುಸಿಯುತ್ತದೆ. ಅದು ಒಂದು ಮೀಟರಿಗೂ ಸ್ವಲ್ಪ ಹೆಚ್ಚಿನ ನೀರಿನ ಒತ್ತಡಕ್ಕೆ ಸಮ. ಮುಳುಗದೆಯೂ ನಿಮ್ಮ ಬಾಕ್ಸ್ ಬಿಸಿಲಿದ್ದ ದಿನವೆಲ್ಲ ಮುಳುಗಿದಷ್ಟೇ ಒತ್ತಡ ತಿನ್ನುತ್ತದೆ, ಗ್ಯಾಸ್ಕೆಟ್ಟಿನ ಮೇಲೆ ನಿಂತ ನೀರನ್ನು ತಾನೇ ಒಳಕ್ಕೆ ಹೀರುತ್ತದೆ. ಒಮ್ಮೆ ಒಳಬಂದ ನೀರು ಹೊರಹೋಗದು. ಹಗಲು ಆವಿಯಾಗಿ, ರಾತ್ರಿ ಮುಚ್ಚಳದ ಒಳಮೈಯಲ್ಲಿ ಹನಿಗಟ್ಟಿ, ಟರ್ಮಿನಲ್ಲುಗಳ ಮೇಲೆ ಉದುರುತ್ತದೆ. ಇದಕ್ಕೆ ಮದ್ದು ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಪಿಟಿಎಫ್‌ಇ (ಟೆಫ್ಲಾನ್) ಪೊರೆಯ ಒಂದು ಉಸಿರುಬಿರಡೆ. ಎಂ12 ಅಳತೆಯ ಒಂದು ತೂತಿನಲ್ಲಿ ಕೂರುತ್ತದೆ. ನಿಮ್ಮ ಬಾಕ್ಸಿನಲ್ಲಿ ಅದಿಲ್ಲ, ಅದಕ್ಕೊಂದು ಜಾಗವೂ ಇಲ್ಲ.

ಇದನ್ನೆಲ್ಲ ನಿಮ್ಮ ಸಹಾಯವಾಣಿಯಲ್ಲಿ ವಿವರಿಸಲು ಹೋದಾಗ ನಡೆದ ಮಾತುಕತೆಯನ್ನು ಇಲ್ಲಿ ದಾಖಲಿಸುತ್ತೇನೆ. ‘ತರಬೇತಿಗಾಗಿ ಈ ಕರೆಯನ್ನು ಧ್ವನಿಮುದ್ರಿಸಿಕೊಳ್ಳಲಾಗುತ್ತಿದೆ’ ಎಂದು ನೀವೇ ಹೇಳಿದ್ದೀರಿ, ತಾಳೆ ನೋಡಿಕೊಳ್ಳಿ.

“ಬಾಕ್ಸ್ ಎಲ್ಲಿ ಹಾಕಿದ್ದೀರಿ ಸರ್?”

“ದೋಣಿಯಲ್ಲಿ, ಚುಕ್ಕಾಣಿಯ ಪಕ್ಕ.”

“ತೆರೆದ ಜಾಗವಾ? ಬಿಸಿಲು ಬೀಳುತ್ತಾ?”

“ಬೀಳುತ್ತದೆ.”

“ನೀರು ಸಿಡಿಯುತ್ತಾ?”

“ಸಿಡಿಯುತ್ತದೆ. ದೋಣಿ ಅಲ್ಲವೇ?”

“ಉಪ್ಪುನೀರಾ, ಸಿಹಿನೀರಾ?”

“ಉಪ್ಪುನೀರು.”

“ಅದೇ ನೋಡಿ ಸರ್ ಸಮಸ್ಯೆ.”

ಬಾಕ್ಸಿನ ಮೇಲೆ ‘ಸಮುದ್ರ ಬಳಕೆಗೆ’ ಎಂದಿದೆಯಲ್ಲ ಎಂದೆ. ಹಿರಿಯ ತಂತ್ರಜ್ಞರನ್ನು ಕೇಳಿ ಹೇಳುತ್ತೇನೆ ಎಂದು ನನ್ನನ್ನು ಕಾಯಿಸಿದರು. ಸಂಗೀತ ಶುರುವಾಗಲಿಲ್ಲ, ಫೋನು ತೆರೆದೇ ಇತ್ತು. “ದೋಣಿಯವರಂತೆ, ನೀರು ಬಂತಂತೆ” ಎಂದು ಅವರು ಯಾರಿಗೋ ಹೇಳಿದ್ದು, “ನೀರಲ್ಲಿ ಇಟ್ಟು ನೀರು ಬಂತು ಅಂದ್ರೆ ನಾವೇನು ಮಾಡೋಣ” ಎಂದು ಇನ್ನೊಬ್ಬರು ಉತ್ತರಿಸಿದ್ದು, ಇಬ್ಬರೂ ನಕ್ಕಿದ್ದು, ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಹಿರಿಯ ತಂತ್ರಜ್ಞರು ಬಂದರು.

“ಮುಚ್ಚಳದ ಸ್ಕ್ರೂ ಹಾಕೋಕೆ ಬರುತ್ತಾ ಸರ್ ನಿಮಗೆ? ಇಲ್ಲಾಂದ್ರೆ ಯಾರಾದ್ರೂ ಎಲೆಕ್ಟ್ರಿಷಿಯನ್ ಕರೆಸಿ.”

“ಎಷ್ಟು ಬಿಗಿಯಬೇಕೆಂದು ನಿಮ್ಮ ಕೈಪಿಡಿಯಲ್ಲಿಲ್ಲ. ಎಷ್ಟು?”

“ಫುಲ್ ಟೈಟ್.”

“ಫುಲ್ ಟೈಟ್ ಮಾಡಿದರೆ ಗ್ಯಾಸ್ಕೆಟ್ ಜಜ್ಜಿಹೋಗಿ ಮುಚ್ಚಳ ಮಧ್ಯದಲ್ಲಿ ಉಬ್ಬುವುದಿಲ್ಲವೇ?”

“ಹಾಗಾದ್ರೆ ಸುತ್ತಲೂ ಸಿಲಿಕೋನ್ ಬಳಿದುಬಿಡಿ.”

“ಯಾವ ಸಿಲಿಕೋನ್?”

“ಅಂಗಡಿಯಲ್ಲಿ ಸಿಗುತ್ತಲ್ಲ ಸರ್, ಯಾವುದಾದ್ರೂ. ಇಷ್ಟೆಲ್ಲ ಪ್ರಶ್ನೆ ಕೇಳೋರು ನೀವೇ ಒಂದು ಬಾಕ್ಸ್ ಮಾಡ್ಕೋಬಹುದಿತ್ತು.”

ಕರೆ ಕಡಿಯಿತು.

ಆ ಸಲಹೆಯನ್ನು ಬೇರೆ ಯಾರಿಗೂ ಕೊಡಬೇಡಿ ಎಂದು ನಿಮ್ಮ ಹಿರಿಯ ತಂತ್ರಜ್ಞರಿಗೆ ಇಂದೇ ಹೇಳಿ. ಅಂಗಡಿಯ ಅಗ್ಗದ ಸಿಲಿಕೋನ್ ಹಲವು ಬಾರಿ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ವಿನಿಗರಿನ ವಾಸನೆಯೇ ಅದರ ಗುರುತು. ಮುಚ್ಚಿದ ಬಾಕ್ಸಿನೊಳಗೆ ಆ ಆವಿ ತಾಮ್ರವನ್ನು ತಿನ್ನುತ್ತದೆ. ಹಚ್ಚಲೇಬೇಕಿದ್ದರೆ ಆಮ್ಲ ಬಿಡದ, ‘ನ್ಯೂಟ್ರಲ್ ಕ್ಯೂರ್’ ಬಗೆಯದನ್ನೇ ಹಚ್ಚಬೇಕು. ಜೊತೆಗೆ, ಬಳಿದು ಮುಚ್ಚಿದ ಬಾಕ್ಸನ್ನು ಮುಂದೆ ಒಂದು ಫ್ಯೂಸ್ ಬದಲಿಸಲು ತೆರೆಯುವುದು ಹೇಗೆ?

ಎರಡನೆಯ ಇಮೇಲಿನಲ್ಲಿ ‘ಬಾಕ್ಸ್ ತೆರೆದಿರುವುದರಿಂದ ವಾರಂಟಿ ಅನ್ವಯಿಸದು’ ಎಂದಿರಿ. ಒಳಗೆ ವೈರು ಸೇರಿಸಬೇಕಾದ ಬಾಕ್ಸನ್ನು ತೆರೆಯದೆ ಬಳಸುವುದು ಅಸಾಧ್ಯ.  

ಬಾಕ್ಸ್ ಆರಿಸಿಕೊಳ್ಳುವವರಿಗೆ ನಿಮ್ಮ ಕ್ಯಾಟಲಾಗ್ ಹೇಳಬೇಕಾದದ್ದು ಹೆಚ್ಚೇನಿಲ್ಲ. ಬಾಕ್ಸ್ ಯಾವ ಪ್ಲಾಸ್ಟಿಕ್ಕಿನದು? ಎಬಿಎಸ್ ಆದರೆ ಬಿಸಿಲಿಗೆ ಹಳದಿಯಾಗಿ ಪೆಡಸಾಗುತ್ತದೆ, ಡೆಕ್ಕಿಗೆ ಬೇಡ. ಯುವಿ ತಡೆಯ ಪಾಲಿಕಾರ್ಬೊನೇಟ್ ಆದರೆ ಒಳ್ಳೆಯದು, ಆದರೆ ಪೆಟ್ರೋಲು, ಥಿನ್ನರ್, ಸ್ಕ್ರೂ ಸಡಿಲವಾಗದಂತೆ ಹಚ್ಚುವ ಕೆಲವು ಅಂಟುಗಳು ತಾಗಿದರೆ ಬಿರುಕು ಬಿಡುತ್ತದೆ ಎಂಬ ಎಚ್ಚರಿಕೆ ಜೊತೆಗಿರಲಿ. ಅಲ್ಯೂಮಿನಿಯಮ್ ಆದರೆ ಸ್ಟೇನ್‌ಲೆಸ್ ಸ್ಕ್ರೂ ಕೂತ ಜಾಗದಲ್ಲಿ ಅಲ್ಯೂಮಿನಿಯಮ್ಮೇ ಸವೆಯುತ್ತದೆ. ಬಣ್ಣ ತಿಳಿಯಾಗಿರಲಿ, ಬಿಸಿಲು ಕಡಿಮೆ ಹೀರುತ್ತದೆ. ಸ್ಕ್ರೂ ತೂತುಗಳು ಗ್ಯಾಸ್ಕೆಟ್ಟಿನ ಹೊರಗಿರಲಿ. ವೈರು ತವರ ಲೇಪಿಸಿದ ತಾಮ್ರದ್ದಾಗಿರಲಿ, ಟರ್ಮಿನಲ್ ಒತ್ತಿದ ಮೇಲೆ ಒಳಮೈಯಲ್ಲಿ ಅಂಟು ಇರುವ, ಕಾಯಿಸಿದರೆ ಕುಗ್ಗುವ ಹೀಟ್‌ಶ್ರಿಂಕ್ ಕೊಳವೆ ಹಾಕಲು ಹೇಳಿ. ಪೆಟ್ರೋಲ್ ಎಂಜಿನ್ ಅಥವಾ ಟ್ಯಾಂಕ್ ಇರುವ ಕೋಣೆಯಲ್ಲಿ ನೀರು ತಡೆಯುವ ಬಾಕ್ಸ್ ಇದ್ದ ಮಾತ್ರಕ್ಕೆ ಸಾಲದು. ಅಲ್ಲಿ ಕಿಡಿಯಿಂದ ಆವಿ ಹೊತ್ತದಂತೆ ಐಎಸ್ಒ 8846 ಎಂಬ ಮಾನದಂಡದ ಪ್ರಕಾರ ಪರೀಕ್ಷಿಸಿದ ಉಪಕರಣವೇ ಬೇಕು. ಈ ಕೊನೆಯ ಮಾತನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ. ಈಗ ನಿಮ್ಮ ಕ್ಯಾಟಲಾಗಿನಲ್ಲಿ ಅದೇ ಬಾಕ್ಸನ್ನು ‘ಎಂಜಿನ್ ಕೋಣೆಗೂ ಸೂಕ್ತ’ ಎಂದು ಬರೆದಿದ್ದೀರಿ, ಯಾವ ಆಧಾರದ ಮೇಲೆ ಎಂಬುದು ಎಲ್ಲೂ ಇಲ್ಲ.

ನನಗೆ ಬೇಕಾದದ್ದು ಇಷ್ಟು: ಬಾಕ್ಸಿನ ಮತ್ತು ಹಾಳಾದ ಆರು ಸ್ವಿಚ್ಚುಗಳ ಪೂರ್ತಿ ಹಣ, ಜೋಡಿಸಿದ ಸ್ಥಿತಿಯ ಪರೀಕ್ಷಾ ವರದಿ, ನಕ್ಕವರಿಂದ ಲಿಖಿತ ಕ್ಷಮೆ. ಬದಲಿ ಬಾಕ್ಸ್ ಬೇಡ. ಅದೇ ಅಚ್ಚಿನ ಬಾಕ್ಸಿನೊಳಗೂ ಅದೇ ದಾರಿಯಲ್ಲಿ ನೀರು ಬರುತ್ತದೆ. ಇದೇ ಮಾದರಿಯನ್ನು ಕೊಂಡ ಪ್ರತಿಯೊಬ್ಬರಿಗೂ ಬಿಲ್ಜ್ ಪಂಪಿನ ಸ್ವಿಚ್ಚನ್ನು ಇದರಿಂದ ಹೊರತೆಗೆಯಿರಿ ಎಂದು ನೀವು ಎಚ್ಚರಿಕೆಯ ಪತ್ರ ಕಳಿಸಬೇಕು. ಹಣಕ್ಕಿಂತ ಇದು ಮುಖ್ಯ.

ಈ ಪತ್ರ ತಲುಪಿದ 15 ದಿನಗಳೊಳಗೆ ಇವು ಆಗದಿದ್ದರೆ ಬಾಕ್ಸ್ ನಿಮ್ಮ ಸೇವಾ ಕೇಂದ್ರಕ್ಕೆ ಬರುವುದಿಲ್ಲ. ಒಳಗಿನ ನೀರಿನ ಸಮೇತ ಮೊಹರು ಮಾಡಿ ಸ್ವತಂತ್ರ ಪರೀಕ್ಷಾಲಯಕ್ಕೆ ಹೋಗುತ್ತದೆ. ಅವರ ವರದಿ, ನಿಮ್ಮ ಕ್ಯಾಟಲಾಗಿನ ಪುಟ, ಕೈಪಿಡಿಯ ಗ್ಲ್ಯಾಂಡ್ ಚಿತ್ರ ಮತ್ತು ಮೇಲಿನ ಮಾತುಕತೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತವೆ. ನಿಮ್ಮ ಕರೆಯ ಧ್ವನಿಮುದ್ರಿಕೆಯನ್ನು ಹಾಜರುಪಡಿಸುವಂತೆಯೂ ಅಲ್ಲಿ ಕೋರುತ್ತೇನೆ, ಆದ್ದರಿಂದ ಅದನ್ನು ಅಳಿಸಬೇಡಿ. ಇದರ ಪ್ರತಿಗಳು ನಿಮ್ಮ ಬಾಕ್ಸ್ ಮಾರುವ ಪ್ರತಿ ಅಂಗಡಿಗೂ, ಅದನ್ನು ಹಾಕಿಸಿಕೊಂಡಿರುವ, ನನಗೆ ಗೊತ್ತಿರುವ ಪ್ರತಿ ದೋಣಿಯ ಮಾಲೀಕರಿಗೂ ತಲುಪುತ್ತವೆ. ಆ ಮೇಲೆ ರಾಜಿಗೆಂದು ಯಾರೂ ಫೋನು ಮಾಡಬೇಡಿ. ಉತ್ತರ ಏನಿದ್ದರೂ ನಿಮ್ಮ ಲೆಟರ್‌ಹೆಡ್ಡಿನಲ್ಲಿ, ಜವಾಬ್ದಾರರ ಸಹಿಯೊಂದಿಗೆ ಬರಲಿ.

ಇಂತಿ,
ದೋಣಿಯ ಮಾಲೀಕ

ಲಗತ್ತು: ಖರೀದಿ ರಸೀದಿಯ ಪ್ರತಿ, ಟರ್ಮಿನಲ್, ಗ್ಯಾಸ್ಕೆಟ್ ಸೇರುಗಡೆ ಮತ್ತು ಗ್ಲ್ಯಾಂಡಿನ ಫೋಟೊಗಳು, ಹಿಂದಿನ ಇಮೇಲ್‌ಗಳ ಪ್ರತಿ