ಗಾಳಿಯಿಂದ ನೀರು: ವಿದ್ಯುತ್ತಿನ ಲೆಕ್ಕವೂ ತಿಳಿಯಲಿ

ಮಾನ್ಯ ಸಂಪಾದಕರೇ,

ಗಾಳಿಯ ತೇವಾಂಶವನ್ನು ಮನೆಬಳಕೆಯ ನೀರಾಗಿಸುವ ಯಂತ್ರಗಳ ಜಾಹೀರಾತುಗಳಲ್ಲಿ ದಿನಕ್ಕೆ ಇಷ್ಟು ಲೀಟರ್ ಎಂಬ ಅಂಕಿಯೊಂದೇ ಎದ್ದು ಕಾಣುತ್ತದೆ. ಅದು ಎಷ್ಟು ಉಷ್ಣಾಂಶದಲ್ಲಿ, ಎಷ್ಟು ಆರ್ದ್ರತೆಯಲ್ಲಿ ದೊರೆತದ್ದು, ಲೀಟರಿಗೆ ತಗುಲಿದ ವಿದ್ಯುತ್ ಎಷ್ಟು ಎಂಬುದನ್ನು ಮಾತ್ರ ಕೊಳ್ಳುವವರು ಕೆದಕಿ ಕೇಳಬೇಕಾಗುತ್ತದೆ.

ಗಾಳಿಯಲ್ಲಿ ನೀರಿದೆ, ಅದು ಸುಳ್ಳಲ್ಲ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. 10 ಡಿಗ್ರಿಗೆ ತಣಿದಾಗ ಅದರಲ್ಲಿ ಉಳಿಯುವುದು 9 ಗ್ರಾಮಿನಷ್ಟು, ಮಿಕ್ಕದ್ದು ಹನಿಗಟ್ಟುತ್ತದೆ. ಆದರೆ ಆವಿ ಹನಿಯಾಗುವಾಗ ಬಿಡುವ ಶಾಖವನ್ನು ಯಂತ್ರ ಹೊರಹಾಕಲೇಬೇಕು, ಮತ್ತು ಒಂದು ಲೀಟರ್ ನೀರಿನ ಮಟ್ಟಿಗೆ ಆ ಶಾಖ ಸುಮಾರು 0.68 ಯೂನಿಟ್ ವಿದ್ಯುತ್ತಿಗೆ ಸಮನಾಗುತ್ತದೆ. ಕಂಪ್ರೆಸರ್ ತಾನು ಬಳಸುವ ವಿದ್ಯುತ್ತಿಗಿಂತ ಹೆಚ್ಚು ಶಾಖವನ್ನು ಸಾಗಿಸಬಲ್ಲದಾದ್ದರಿಂದ ಖರ್ಚು ಇಳಿಯುತ್ತದೆಯಾದರೂ, ಆವಿಯ ಜೊತೆಗೆ ಅಷ್ಟೂ ಗಾಳಿಯನ್ನು ತಣಿಸಬೇಕಾಗುವುದರಿಂದ ಉಳಿತಾಯದ ಒಂದು ಪಾಲು ಅಲ್ಲೇ ಕರಗುತ್ತದೆ. ಹವೆ ಒಣಗಿದಷ್ಟೂ ಈ ನಷ್ಟ ಏರುತ್ತದೆ. ನೀರಿಗಾಗಿ ಹೆಚ್ಚು ಪರದಾಡುವ ಒಣ ಪ್ರದೇಶಗಳಲ್ಲೇ ಯಂತ್ರ ಸೋಲುವುದು ನನಗೆ ನೋವಿನ ಸಂಗತಿ. ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ದೊಡ್ಡ ಆರ್‌ಒ ಘಟಕಗಳು 1000 ಲೀಟರಿಗೆ ಬಳಸುವುದು ಮೂರು, ನಾಲ್ಕು ಯೂನಿಟ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಸಂಶೋಧನೆಯ ಬಗ್ಗೆ ನನಗೆ ಭರವಸೆಯಿದೆ. 2025ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಒಮರ್ ಯಾಘಿ ಅವರ ತಂಡವು, ಸೂಕ್ಷ್ಮ ರಂಧ್ರಗಳ ಲೋಹ-ಸಾವಯವ ವಸ್ತುವೊಂದು ಶೇ 20ರಷ್ಟು ಆರ್ದ್ರತೆಯಲ್ಲೂ ಆವಿಯನ್ನು ಹೀರಿ, ಬಿಸಿಲಿನ ಶಾಖದಿಂದಲೇ ಬಿಟ್ಟುಕೊಡುವುದನ್ನು 2017ರಲ್ಲಿ ತೋರಿಸಿದೆ.

ಅದು ಮನೆಗಳನ್ನು ತಲುಪುವವರೆಗೆ, ಈಗಾಗಲೇ ವಿದ್ಯುತ್ ವ್ಯಯಿಸಿ ಇಳಿಸಿದ ನೀರನ್ನಾದರೂ ಉಳಿಸಿಕೊಳ್ಳಬಾರದೇ? ಸೆಕೆಯ ಒಂದು ರಾತ್ರಿ ನಮ್ಮ ಮನೆಯ ಎ.ಸಿ.ಯ ಕೊಳವೆಯ ಕೆಳಗೆ ಬಕೆಟ್ ಇಟ್ಟಿದ್ದೆ. ಬೆಳಗಾಗುವಷ್ಟರಲ್ಲಿ ಅರ್ಧಕ್ಕಿಂತ ಮೇಲೆ ತುಂಬಿತ್ತು. ಅಷ್ಟು ದಿನ ಆ ನೀರು ಮಾಡಿದ್ದು ಗೋಡೆಯುದ್ದಕ್ಕೂ ಹಸಿರು ಪಾಚಿ ಬೆಳೆಸುವ ಕೆಲಸವನ್ನಷ್ಟೇ. ಲವಣಗಳಿಲ್ಲದ ಮೆದು ನೀರಾದ್ದರಿಂದ ಚಿಟಿಕೆ ಸೋಪಿನ ಪುಡಿಗೇ ನೊರೆ ಉಕ್ಕುತ್ತದೆ. ನೆಲ ಒರೆಸಲು, ಶೌಚಾಲಯಕ್ಕೆ, ಗಿಡಗಳಿಗೆ ಬಳಸುತ್ತಿದ್ದೇವೆ. ಎ.ಸಿ.ಯೊಳಗಿನ ತಣ್ಣನೆಯ ಸುರುಳಿಯ ಲೋಹದ ಅಂಶವೂ ಹನಿಗಳು ಬೀಳುವ ತಟ್ಟೆಯ ಲೋಳೆಯಲ್ಲಿ ಬೆಳೆಯುವ ಸೂಕ್ಷ್ಮಾಣುಗಳೂ ಸೇರಿರಬಹುದಾದ್ದರಿಂದ ಅದನ್ನು ಕುಡಿಯಲು ಮಾತ್ರ ಬಳಸಬಾರದು.

ಬಹುಮಹಡಿ ಕಟ್ಟಡಗಳ ನಕ್ಷೆಯಲ್ಲೇ ಎಲ್ಲ ಎ.ಸಿ. ಕೊಳವೆಗಳನ್ನು ಒಂದು ತೊಟ್ಟಿಗೆ ಜೋಡಿಸುವ ವ್ಯವಸ್ಥೆ ಇರಲಿ. ಯಂತ್ರ ಮಾರುವವರು ಲೀಟರಿನ ಅಂಕಿಯ ಪಕ್ಕದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ಉಷ್ಣಾಂಶ, ಆರ್ದ್ರತೆ ಮತ್ತು ಯೂನಿಟ್ಟುಗಳ ಲೆಕ್ಕವನ್ನು ಮುದ್ರಿಸುವುದನ್ನು ಕಡ್ಡಾಯಗೊಳಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ